ಹುಲಿ ಕಾರ್ಡಿನ ರಸ್ತೆ

ಮೊನ್ನೆ ತೀರ್ಥಹಳ್ಳಿಯ ನಮ್ಮ ಅಂಗಡಿಗೆ ಕಾಲೇಜು ಹುಡುಗಿಯೊಬ್ಬಳು ಬಂದು ಗ್ರಾಫಿಕ್ಸ್ ಕಾರ್ಡು ಕೇಳಿದಳು. ಯಾವ ಕಾರ್ಡಲ್ಲಿ ಯಾವ ಆಟ ಎಷ್ಟು ಫ್ರೇಮ್ ಓಡುತ್ತದೆ ಅನ್ನುವುದೆಲ್ಲ ಅವಳಿಗೆ ಬಾಯಿಪಾಠ. ನಾನು ಸುಮ್ಮನಿರಬಾರದಾ? ಆಟದಲ್ಲಿ ದೂರದ ನೆಲ ಹೇಗೆ ಕಾಣುತ್ತೆ ಅಂತ ನೋಡೋದಿಲ್ವೇನಮ್ಮ ಅಂತ ಕೇಳಿಬಿಟ್ಟೆ. ಅವಳು ನನ್ನನ್ನು ಯಾವುದೋ ಕಾಲದ ಪಳೆಯುಳಿಕೆ ನೋಡುವ ಹಾಗೆ ನೋಡಿ, ಈಗ ಎಲ್ಲದರಲ್ಲೂ ಒಂದೇ ಥರ ಬರುತ್ತೆ ಆಂಟಿ ಅಂದಳು. ಆಂಟಿ ಅಂದದ್ದಕ್ಕೆ ಒಂಚೂರು ಸಿಟ್ಟು ಬಂತು. ಮಾತು ಮಾತ್ರ ನಿಜ. ಈಗ ದೂರದ ನೆಲದ ಆ ಸೆಟ್ಟಿಂಗನ್ನು ಯಾರೂ ತೆರೆದೂ ನೋಡುವುದಿಲ್ಲ.

ಆದರೆ ಒಂದೇ ಥರ ಬರದ ಕಾಲವೊಂದಿತ್ತು. ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ರೈಲು ಬರುವುದಕ್ಕೂ ಮುಂಚಿನ ಮಾತು ಇದು. ಕಂಪ್ಯೂಟರ್ ಸಾಮಾನು ಬೆಂಗಳೂರಿನಿಂದ ಬಸ್ಸಲ್ಲಿ ಬರುತ್ತಿತ್ತು. ಬಸ್ಸು ಬಂದು ನಿಂತ ಕೂಡಲೇ ಓಡಿ ಹೋಗಿ ಡಬ್ಬಿ ಅಲ್ಲಾಡಿಸಿ ನೋಡಬೇಕಿತ್ತು. ತೀರ್ಥಹಳ್ಳಿಯಲ್ಲಿ ನಮ್ಮನೆಯವರದ್ದೊಂದು ಕಂಪ್ಯೂಟರ್ ಅಂಗಡಿ. ಸಾಗರದಲ್ಲಿ ನನ್ನ ತಮ್ಮನದ್ದೊಂದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇಬ್ಬರೂ ಒಂದೇ ಕಸುಬಿನವರು, ಚೆನ್ನಾಗಿ ಹೊಂದಿಕೊಳ್ಳುತ್ತಾರೆ ಅಂತ ಅಮ್ಮ ಹಿಗ್ಗಿದ್ದಳು. ಹೊಂದಿಕೊಂಡರು, ಎಣ್ಣೆ ಸೀಗೆಕಾಯಿ ಹಾಗೆ.

ಭಾವ-ಭಾವಮೈದ ಅಂದಮೇಲೆ ಕಾಲೆಳೆಯುವುದು ಇದ್ದದ್ದೇ. ಬೇರೆ ಮನೆಗಳಲ್ಲಿ ಊಟದ ಎಲೆ ಮುಂದೆ ನಡೆಯುವುದು ನಮ್ಮಲ್ಲಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ನಡೆಯುತ್ತಿತ್ತು. ನಮ್ಮ ಕಡೆಗೆ ಬರುತ್ತಿದ್ದದ್ದು ಎರಡೇ ಜಾತಿಯ ಕಾರ್ಡು. ಒಂದರ ಡಬ್ಬಿ ಮೇಲೆ ಬಾಯಿ ಕಳೆದ ಹುಲಿ, ಇನ್ನೊಂದರ ಮೇಲೆ ಕತ್ತಿ ಹಿಡಿದ ಹೆಂಗಸು. ಕಂಪನಿ ಹೆಸರು ನಾಲಿಗೆಗೆ ಹೊರಳದ ಗಿರಾಕಿಗಳು ಹುಲಿ ಕಾರ್ಡು, ಕತ್ತಿ ಕಾರ್ಡು ಅಂತಲೇ ಕೇಳುತ್ತಿದ್ದರು. ನನ್ನ ತಮ್ಮ ಹುಲಿಯ ಪಕ್ಷ, ನಮ್ಮನೆಯವರು ಕತ್ತಿಯ ಪಕ್ಷ. ಯಾಕೆ ಅಂತ ಕೇಳಬೇಡಿ. ಒಬ್ಬ ಹುಲಿ ಅಂದ, ಅದಕ್ಕೆ ಇನ್ನೊಬ್ಬರು ಕತ್ತಿ ಅಂದರು, ಅಷ್ಟೇ.

ಜಗಳದ ವಿಷಯ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾರ್ ಆಟದಲ್ಲಿ ಕಾಣುವ ರಸ್ತೆ ಡಾಂಬರಿನದೊಂದು ಚಿತ್ರ. ಅದನ್ನೇ ಚಾಪೆ ಹಾಸಿದ ಹಾಗೆ ಉದ್ದಕ್ಕೂ ಹಾಸಿರುತ್ತಾರೆ. ಹತ್ತಿರದಲ್ಲಿ ಜಲ್ಲಿಕಲ್ಲು ಕಲ್ಲಾಗಿಯೇ ಕಾಣುತ್ತದೆ. ದೂರ ಹೋದ ಹಾಗೆ ಚಿತ್ರ ಕುಗ್ಗಬೇಕು, ಓರೆಯಾಗಬೇಕು. ಆಗ ಯಾವ ಚುಕ್ಕಿ ಉಳಿಸಿಕೊಳ್ಳಬೇಕು, ಯಾವುದನ್ನು ಪಕ್ಕದ್ದರ ಜೊತೆ ಕಲಸಬೇಕು ಅಂತ ಕಾರ್ಡು ಲೆಕ್ಕ ಹಾಕುತ್ತದೆ. ಅದಕ್ಕೇ ಟೆಕ್ಸ್ಚರ್ ಫಿಲ್ಟರಿಂಗ್ ಅನ್ನುವುದು. ಜಾಸ್ತಿ ಕಲಸಿದರೆ ದೂರದ ರಸ್ತೆ ಗಂಜಿಯಾಗುತ್ತದೆ. ಆಟ ಬೇಗ ಓಡಲಿ ಅಂತ ಕಾರ್ಡು ಕೆಲಸಗಳ್ಳತನ ಮಾಡಿ ಕಡಿಮೆ ಕಲಸಿದರೆ, ಕಾರು ಓಡುವಾಗ ರಸ್ತೆ ಮೇಲೆ ಇರುವೆ ಹರಿದ ಹಾಗೆ ಮಿಣಮಿಣ ಅನ್ನುತ್ತದೆ. ಈ ಇರುವೆಯ ಸಂಗತಿ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗಂಜಿಯದ್ದೊಂದೇ ಗೊತ್ತಿದ್ದದ್ದು.

ನಿಮ್ಮ ಕತ್ತಿ ಹೆಂಗಸು ರಸ್ತೆಗೆಲ್ಲ ಗಂಜಿ ಚೆಲ್ಲುತ್ತಾಳೆ ಭಾವ ಅಂತ ನನ್ನ ತಮ್ಮ ಫೋನಲ್ಲಿ ಚುಚ್ಚುತ್ತಿದ್ದ. ನಿನ್ನ ಹುಲಿಗೆ ಹಲ್ಲಿಲ್ಲ, ಬರೀ ಬಾಯಿ ಅಂತ ಇವರು. ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ಫೋನು ಕಾದು ಕೆಂಡವಾಗುತ್ತಿತ್ತು. ಅನ್ನ ಆರುತ್ತಿದೆ ಅಂತ ನಾನು ಒಳಗಿನಿಂದ ಕೂಗಿಕೊಳ್ಳಬೇಕು. ಆಗ ಬೈದುಕೊಳ್ಳುತ್ತಿದ್ದೆ. ಈಗ ಅದೇ ಗದ್ದಲ ಇನ್ನೊಂದು ಸಲ ಕಿವಿಗೆ ಬೀಳಬಾರದಾ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ನನ್ನ ತವರು ನನ್ನ ಗಂಡನ ಮನೆಯ ಜೊತೆ ಸಲಿಗೆಯಾಗಿ ಮಾತಾಡುತ್ತಿದ್ದದ್ದು ಆ ಕಾರ್ಡುಗಳ ಮೂಲಕವೇ.

ಹಾಗಿರುವಾಗ ಹೊಸನಗರದ ಯೋಚನೆ ಹುಟ್ಟಿತು. ಅಲ್ಲಿ ಮಕ್ಕಳಿಗೆ ಆಟ ಆಡಲು ಒಂದು ಗೇಮ್ ಸೆಂಟರ್ ಇರಲಿಲ್ಲ. ಸಾಗರಕ್ಕೂ ನಮಗೂ ನಡುವಿನ ಊರು. ಇಬ್ಬರೂ ಸೇರಿ ಹಾಕೋಣ, ಬಂಡವಾಳ ತನ್ನದು, ಕೂತು ನಡೆಸುವವನು ಭಾವಮೈದ ಅಂತ ನಮ್ಮನೆಯವರೇ ಬಾಯಿ ಬಿಟ್ಟು ಹೇಳಿದರು. ತಮ್ಮ ಅಷ್ಟು ಖುಷಿಪಟ್ಟದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಣ್ಣ ಯಾವುದು, ಬೆಂಚು ಎಲ್ಲಿ, ಬೋರ್ಡು ಹೇಗೆ, ದಿನಾ ಒಂದು ಮಾತು ಇರುತ್ತಿತ್ತು.

ಮಳೆಗಾಲ ಮುಗಿಯುತ್ತ ಬಂದಾಗ ಅವನು ಒಂದು ದಿನ ತೀರ್ಥಹಳ್ಳಿಗೆ ಬಂದ. ಕಣ್ಣು ಯಾಕೋ ಸರಿಯಿಲ್ಲ, ಬೆಸುಗೆ ಹಾಕುವಾಗ ಚಿಪ್ಪಿನ ಕಾಲು ಕಾಣಲ್ಲ, ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಜೊತೆಗೆ ಬಾ ಅಂದ. ಕನ್ನಡಕ ಬೇಕಾಗಿರಬಹುದು ಅಂದುಕೊಂಡು ಹೋದೆ. ಡಾಕ್ಟರು ತುಂಬ ಹೊತ್ತು ನೋಡಿದರು. ಕಣ್ಣಿನ ನಡುವಿನ ನೋಟ ಸವೆಯುತ್ತಾ ಹೋಗುವ ಕಾಯಿಲೆ, ಅಂಚಿನದು ಉಳಿಯುತ್ತದೆ, ಕನ್ನಡಕದಿಂದ ಸರಿಹೋಗುವುದಲ್ಲ, ಸದ್ಯಕ್ಕೆ ಮದ್ದಿಲ್ಲ ಅಂತ ಮೆಲ್ಲಗೆ ಹೇಳಿದರು. ಅವನಿನ್ನೂ ಮೀಸೆ ನೆಟ್ಟಗೆ ಬಲಿಯದವನು.

ವಾಪಸ್ ಬರುವಾಗ ಬಸ್ಸು ಮೇಗರವಳ್ಳಿಯಲ್ಲಿ ಚಾ ಕುಡಿಯಲು ನಿಂತಿತು. ಎಲ್ಲರೂ ಇಳಿದರು, ನಾವಿಬ್ಬರು ಇಳಿಯಲಿಲ್ಲ. ಅಲ್ಲಿ ಅವನು ನನ್ನ ಕೈ ಹಿಡಿದುಕೊಂಡು, "ಅಕ್ಕ, ಭಾವಂಗೆ ಹೇಳ್ಬೇಡ" ಅಂದ. ರಿಪೇರಿ ಕೆಲಸ ಇನ್ನು ತನ್ನ ಕೈಯಲ್ಲಿ ಆಗುವುದಿಲ್ಲ, ಉಳಿದಿರುವುದು ಹೊಸನಗರದ ಸೆಂಟರ್ ಒಂದೇ, ಕಣ್ಣು ಕಾಣದವನನ್ನು ಯಾರಾದರೂ ಕಂಪ್ಯೂಟರ್ ಮುಂದೆ ಕೂರಿಸುತ್ತಾರಾ ಅಂತ ಕೇಳಿದ. ನಮ್ಮನೆಯವರು ಅಂಥವರಲ್ಲ ಅಂತ ಹೇಳಲು ಬಾಯಿ ತೆರೆದೆ. ಆದರೆ ವ್ಯವಹಾರ ಬೇರೆ, ನೆಂಟಸ್ತಿಕೆ ಬೇರೆ ಅನ್ನುವುದು ಇವರ ಬಾಯಲ್ಲಿ ಮಂತ್ರದ ಹಾಗೆ ಬರುತ್ತಿದ್ದ ಮಾತು. ಹೇಳಲ್ಲ ಬಿಡು ಅಂದೆ. ಮನೆಗೆ ಬಂದು, ಕಣ್ಣಿಗೆ ಧೂಳು ಹೋಗಿತ್ತಂತೆ, ಡ್ರಾಪ್ಸ್ ಕೊಟ್ಟಿದ್ದಾರೆ ಅಂದೆ.

ಈ ನಡುವೆ ಸೆಂಟರಿನ ಎಲ್ಲ ಮಿಷನ್ನಿಗೂ ಒಂದೇ ಕಾರ್ಡು ಹಾಕಬೇಕು, ಯಾವುದು ಅನ್ನುವ ರಗಳೆ ಎದ್ದಿತು. ಹುಲಿಯೇ ಅಂತ ಅವನು, ಕತ್ತಿಯೇ ಅಂತ ಇವರು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇಬಿಡುವುದು ಅಂತಾಯಿತು. ಜಾಗ ಹೊಸನಗರ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ದೊಡ್ಡಮ್ಮನ ಮನೆ. ಬರೀ ಬಾಯಿಮಾತು ಬೇಡ ಅಂತ ನಮ್ಮನೆಯವರು ಇನ್ನೊಂದು ಉಪಾಯ ತೆಗೆದರು. ಎರಡೂ ಕಾರ್ಡಲ್ಲಿ ಆಟದ ಅದೇ ಜಾಗದ ಚಿತ್ರ ಹಿಡಿದು, ಸ್ಟುಡಿಯೋದಲ್ಲಿ ದೊಡ್ಡ ಫೋಟೋ ಮಾಡಿಸಿ, ಯಾವುದು ಯಾವುದರದ್ದು ಅಂತ ಹಿಂದುಗಡೆ ಬರೆದು, ಗೊತ್ತಿಲ್ಲದ ಹಾಗೆ ಆರಿಸುವುದು. ಆಗ ಎಲ್ಲರೂ ಭೇಷ್ ಅಂದೆವು. ಮಿಣಮಿಣ ಅನ್ನುವುದು ಓಡುವ ಚಿತ್ರದಲ್ಲಿ ಮಾತ್ರ ಕಾಣುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ ಅಂತ ಯಾರ ತಲೆಗೂ ಹೊಳೆಯಲಿಲ್ಲ. ಮದುವೆಗೂ ಫೋಟೋ, ನಾಮಕರಣಕ್ಕೂ ಫೋಟೋ ಅನ್ನುವ ಜನ ನಾವು.

ಭಾನುವಾರ ಬೆಳಿಗ್ಗೆ ತಮ್ಮ ಸಾಗರದಿಂದ ಬಸ್ಸಲ್ಲಿ ಬಂದ. ಸಿಪಿಯು ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದನಂತೆ. ಪಕ್ಕದಲ್ಲಿದ್ದ ಹೆಂಗಸು ಯಾರಿಗೆ ಹುಷಾರಿಲ್ಲ ಅಂತ ಕೇಳಿದಳಂತೆ. ನಾವು ಓಮ್ನಿಯಲ್ಲಿ ನಮ್ಮ ಸಿಪಿಯು, ಮಾನಿಟರ್ ಹೇರಿಕೊಂಡು ಹೋದೆವು. ದೊಡ್ಡಮ್ಮ ಕಡುಬು, ಕಾಯಿಚಟ್ನಿ ಮಾಡಿ ಕಾದಿದ್ದಳು. ಮೊದಲು ತಿನ್ನಿ, ನಿಮ್ಮ ಹುಲಿಕರಡಿ ಆಮೇಲೆ ಅಂದಳು. ಆ ಕಡುಬಿನ ಹಬೆ, ಜಗುಲಿಯ ಬಿಸಿಲು, ನಡುವೆ ವೈರು ಎಳೆಯುತ್ತ ಇಬ್ಬರೂ ಒಬ್ಬರನ್ನೊಬ್ಬರು ಹೀಯಾಳಿಸುತ್ತಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನಾನೊಬ್ಬಳು ಮಾತ್ರ ಒಳಗೊಳಗೇ ಬೇಯುತ್ತಿದ್ದೆ.

ಚಾಪೆ ಮೇಲೆ ಫೋಟೋ ಎರಡನ್ನೂ ಹಾಸಿದರು. ನಮ್ಮನೆಯವರು ಭೂತಗನ್ನಡಿ ಬೇರೆ ತಂದಿದ್ದರು. ತಮ್ಮ ಒಂದನ್ನು ಎತ್ತಿ, ಮೂಗಿನ ಹತ್ತಿರ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದ. ನಾನು ಅವನ ಪಕ್ಕ ಕೂತು, ಇದರಲ್ಲಿ ದೂರದ ಕಲ್ಲು ಚೂಪಾಗಿದೆ, ಅದರಲ್ಲಿ ಸ್ವಲ್ಪ ಮೆತ್ತಗಿದೆ ಅಂತ ನನ್ನ ಪಾಡಿಗೆ ಹೇಳಿಕೊಳ್ಳುವವಳ ಹಾಗೆ ಹೇಳುತ್ತ ಹೋದೆ. ನಾನು ಹೇಳಿದ್ದನ್ನೇ ಅವನು ಗಟ್ಟಿಯಾಗಿ ಹೇಳಿದ. ಚೂಪಾದದ್ದೇ ಒಳ್ಳೆಯದು ಅಂತ ನಾವೆಲ್ಲ ಒಪ್ಪಿದೆವು. ತಿರುಗಿಸಿ ನೋಡಿದರೆ ಅದು ಹುಲಿ.

ನಮ್ಮನೆಯವರ ಮುಖ ಬಾಡಿತು. ಆದರೂ ಆಡಿದ ಮಾತಿಗೆ ತಪ್ಪುವವರಲ್ಲ. ಸೋತೆ ಮಾರಾಯ, ಹುಲಿಯನ್ನೇ ಕಟ್ಟು, ಬೀಗದ ಕೈ ನಿನ್ನ ಕೈಗೆ ಅಂದರು. ಮುಗಿಯಿತಲ್ಲ, ಯಾರಿಗೂ ಏನೂ ಗೊತ್ತಾಗಲಿಲ್ಲ, ಸೆಂಟರ್ ಅವನದಾಯಿತು ಅಂತ ಒಳಗೇ ದೇವರಿಗೆ ಕೈ ಮುಗಿದೆ.

ಅಷ್ಟರಲ್ಲಿ ದೊಡ್ಡಮ್ಮ ಸೌಟು ಹಿಡಿದು ಹೊರಗೆ ಬಂದಳು. ನಮ್ಮ ನೆಂಟರಲ್ಲಿ ಅರ್ಧ ಮದುವೆ ಅವಳೇ ಕುದುರಿಸಿದ್ದು, ನನ್ನದೂ ಸೇರಿ. ಚಾಪೆ ನೋಡಿ, "ಇದೊಳ್ಳೆ ಫೋಟೋ ನೋಡಿ ಹೆಣ್ಣು ಒಪ್ಕಂಡಂಗಾತಲ್ರೋ. ನಡ್ಕಂಡು ಬರ್ಲಿ, ಆಮೇಲೆ ಹೇಳಿ" ಅಂದಳು. ನಮ್ಮ ಕಡೆ ಹಾಗೇ. ಫೋಟೋ ಎಷ್ಟು ಚೆನ್ನಾಗಿರಲಿ, ಹೆಣ್ಣು ನೋಡಲು ಬಂದವರು ಕಾಫಿ ಆದಮೇಲೆ ನೀರು ಬೇಕು ಅನ್ನುತ್ತಾರೆ. ಬಾಯಾರಿಕೆಗಲ್ಲ; ಅವಳು ಎದ್ದು ಹೋಗಿ ಬರುವಾಗ ಕಾಲು ಎಳೆಯುತ್ತಾಳಾ ಅಂತ ನೋಡಲಿಕ್ಕೆ. ಇವರ ಅತ್ತೆಯೊಬ್ಬರು ನನ್ನ ಕೈಯಲ್ಲಿ ಎರಡೆರಡು ಸಲ ನೀರು ತರಿಸಿದ್ದರು. ಚೆಂಬು ಅವರ ತಲೆ ಮೇಲೇ ಸುರಿಯಬೇಕು ಅನ್ನಿಸಿತ್ತು ನನಗೆ. ಅದು ನೆನಪಾಗಿ ನಮ್ಮನೆಯವರು ಜೋರಾಗಿ ನಕ್ಕು, ಸರಿ, ಹುಲಿ ನಡೆದು ತೋರಿಸಲಿ ಅಂತ ಮಿಷನ್ ಹಚ್ಚಿದರು.

ಕಾರ್ ಆಟ ಶುರುವಾಯಿತು. ನಮ್ಮನೆಯವರು ಓಡಿಸುತ್ತಿದ್ದರು. ನಾನೂ ದೊಡ್ಡಮ್ಮನೂ ಹಿಂದೆ ನಿಂತು ಕಾರನ್ನೇ ನೋಡುತ್ತಿದ್ದೆವು. ಆಟ ನೋಡುವವರು ನೋಡುವುದೇ ಕಾರನ್ನು. ಚೆನ್ನಾಗೇ ಇದೆಯಲ್ಲ ಅಂದರು ಇವರು. ನಾನು ಹೂಂ ಅಂದೆ. ನನ್ನ ತಮ್ಮ ಮಾನಿಟರಿನ ಎದುರು ಸ್ಟೂಲಿನ ಮೇಲೆ ಕೂತಿದ್ದ, ಆದರೆ ಮುಖ ಮಾತ್ರ ಎಡಗಡೆ ಗೋಡೆಯ ಕ್ಯಾಲೆಂಡರಿನ ಕಡೆ. ಪರದೆ ಕಡೆ ತಿರುಗು ಅಂತ ಹಿಂದಿನಿಂದ ಭುಜ ತಿವಿದೆ. ಅವನು ನನ್ನ ಕೈ ಅದುಮಿ ಹಿಡಿದ. ಏನನ್ನೋ ಕಿವಿಗೊಟ್ಟು ಕೇಳುವವನ ಹಾಗೆ ಕೂತಿದ್ದ.

"ಭಾವ, ನಿಲ್ಲಿಸ್ಬೇಡಿ. ಇನ್ನೊಂದ್ಸಲ ಅದೇ ನೇರ ರಸ್ತೆಗೆ ಹೋಗಿ" ಅಂದ. ಇವರು ಹೋದರು. ಆಗ ಅವನು ಮುಖ ತಿರುಗಿಸದೆ, ರಸ್ತೆ ಆಕಾಶಕ್ಕೆ ಮುಟ್ಟುವ ಕಡೆ ಬೆರಳು ಮಾಡಿ, ಅಲ್ಲಿ ಏನೋ ಹರಿದಾಡುತ್ತಿದೆ, ಮಿಣಮಿಣ ಅನ್ನುತ್ತಿದೆ ಅಂದ. ನಮಗೆ ಯಾರಿಗೂ ಕಾಣಲಿಲ್ಲ. ಎಂಥದ್ದೂ ಇಲ್ಲ ಮಾರಾಯ ಅಂದರು ಇವರು. ಕತ್ತಿ ಹಾಕಿ ಅಂತ ಅವನು ಹಟ ಹಿಡಿದ. ಮಾನಿಟರಿನ ವೈರು ನಮ್ಮ ಡಬ್ಬಿಗೆ ಸಿಕ್ಕಿಸಿ ಅದೇ ರಸ್ತೆ ಓಡಿಸಿದರು. ಇದು ಸುಮ್ಮನಿದೆ ಅಂದ ತಮ್ಮ. ಮತ್ತೆ ಹುಲಿ ಹಾಕಿದರು. ಈ ಸಲ ಕಾರು ಬಿಟ್ಟು ದೂರವೇ ನೋಡಿದೆವು. ಅಯ್ಯೋ, ಒಮ್ಮೆ ಕಂಡ ಮೇಲೆ ಬೇರೇನೂ ಕಾಣಲೊಲ್ಲದು. ರಸ್ತೆಯ ತುದಿಯಲ್ಲಿ ಇರುವೆ ಸಾಲು ಎದ್ದ ಹಾಗೆ. ಫೋಟೋದಲ್ಲಿ ಚೂಪು ಅಂತ ನಾವು ಹೊಗಳಿದ್ದ ಕಲ್ಲುಗಳೇ ಕುಣಿಯುತ್ತಿದ್ದವು. ನನ್ನ ತಮ್ಮ ಕೀಬೋರ್ಡ್ ತಡವಿ, ಯಾವ ಗುಂಡಿ ಎಷ್ಟು ಸಲ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಅನ್ನುವ ಬಾಯಿಪಾಠದ ಮೇಲೆ ಸೆಟ್ಟಿಂಗಿಗೆ ಹೋಗಿ, ಕ್ವಾಲಿಟಿಯನ್ನು ಪೂರ್ತಿ ಮೇಲೆ ಎಳೆದ. ಇರುವೆ ನಿಂತಿತು, ಆಟ ಎತ್ತಿನಗಾಡಿಯಾಯಿತು.

ಕೈಗೆ ಬಂದದ್ದನ್ನು ತಾನೇ ಬಿಟ್ಟುಕೊಟ್ಟ. ಸುಮ್ಮನಿದ್ದಿದ್ದರೆ ಗೆಲುವು ಅವನದೇ. ಬಾಯಿ ಮುಚ್ಚಿಕೊಂಡಿರೋ ದಡ್ಡಾ ಅಂತ ನನ್ನ ಒಳಗೆ ಕೂಗು ಎದ್ದಿತ್ತು. ಇಡೀ ದಿನ ಇದರ ಮುಂದೆ ಕೂತ ಮಕ್ಕಳಿಗೆ ತಲೆನೋವು ಬರುತ್ತೆ ಭಾವ, ಕತ್ತಿಯನ್ನೇ ಹಾಕೋಣ ಅಂದ. ಅವನ ಮುಖದ ಮೇಲೆ ಎಂಥಾ ಸಂತೋಷ ಅಂತೀರಿ. ಎಷ್ಟೋ ದಿನದ ಮೇಲೆ, ಎಲ್ಲರಿಗಿಂತ ಮುಂಚೆ ಅವನಿಗೆ ಒಂದು ವಸ್ತು ಕಂಡಿತ್ತು.

ನಮ್ಮನೆಯವರು ಗೆದ್ದೆ ಅಂತ ತೊಡೆ ತಟ್ಟಿದರು. ಆಮೇಲೆ ತಮ್ಮನ ಕಡೆ ತಿರುಗಿದರು. ಅಲ್ಲ ಮಾರಾಯ, ನೀನು ಕ್ಯಾಲೆಂಡರ್ ನೋಡ್ತಾ ಇದ್ದೆಯಲ್ಲ, ನಿಂಗೆ ಹೇಗೆ ಕಂಡಿತು ಅಂತ ಕೇಳಿದರು. ನಾನು ನಡುವೆ ಬಿದ್ದು, ಅವನಿಗೆ ಕುತ್ತಿಗೆ ಹಿಡಿದುಕೊಂಡಿದೆ, ಬಸ್ಸಲ್ಲಿ ಬಂದು... ಅಂತ ಏನೇನೋ ಶುರು ಮಾಡಿದೆ.

"ಅಕ್ಕ, ಸಾಕು ಬಿಡು" ಅಂದ ತಮ್ಮ. ಆಮೇಲೆ ಇವರ ಕಡೆ ತಿರುಗಿ, "ಭಾವ, ನೇರ ನೋಡಿದ್ರೆ ನಂಗೆ ಏನೂ ಕಾಣಲ್ಲ. ನಡುವಿನದು ಹೋಗಿದೆ, ಇನ್ನು ಬರಲ್ಲ. ಪಕ್ಕದಲ್ಲಿ ಅಲ್ಲಾಡೋದು ಮಾತ್ರ ಚೆನ್ನಾಗಿ ಕಾಣುತ್ತೆ. ಆ ಫೋಟೋ ಎರಡೂ ನಂಗೆ ಒಂದೇ. ಈಗ ನಿಮ್ಮ ಮುಖನೂ ಕಾಣ್ತಿಲ್ಲ" ಅಂದ.

ಆಟ ಇನ್ನೂ ಓಡುತ್ತಿತ್ತು. ಕಾರು ಗೋಡೆಗೆ ಗುದ್ದಿ ಗುರ್ ಅನ್ನುತ್ತ ನಿಂತಿತ್ತು. ಇವರು ನನ್ನನ್ನು ನೋಡಿದರು. ನಿಂಗೆ ಗೊತ್ತಿತ್ತಾ ಅಂತ ಬಾಯಿ ಬಿಟ್ಟು ಕೇಳಲಿಲ್ಲ, ಆದರೂ ನಾನು ಹೌದು ಅಂತ ತಲೆಯಾಡಿಸಿದೆ. ಸೆಂಟರ್ ಹೋಯಿತು, ಸುಳ್ಳು ಹೇಳಿ ಇಲ್ಲಿಯವರೆಗೆ ತಂದು ನಾನೇ ಅದನ್ನು ಕಳೆದೆ ಅನ್ನಿಸಿತು. ವ್ಯವಹಾರ ಬೇರೆ ಅನ್ನುವ ಮಾತು ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾದೆ. ಅಂದುಬಿಟ್ಟರೆ ಈ ಮನುಷ್ಯನ ಜೊತೆ ಓಮ್ನಿಯಲ್ಲಿ ವಾಪಸ್ ಹೋಗುವುದಿಲ್ಲ ಅಂತಲೂ ಅಂದುಕೊಂಡೆ.

ಇವರು ಎದ್ದರು. ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಕರಕರ ಎಳೆದುಕೊಂಡು ಎಡಗಡೆ ಗೋಡೆಯ ಹತ್ತಿರ ಹೋಗಿ ಕೂತರು. ನನ್ನ ತಮ್ಮ ಮುಖ ತಿರುಗಿಸದೆ ನೇರ ಇಟ್ಟುಕೊಂಡೇ ಇದ್ದ.

"ಇಲ್ಲಿ ಕಾಣ್ತೀನಾ?"

"ಒಂಚೂರು ಹಿಂದೆ ಹೋಗಿ ಭಾವ."

ಕುರ್ಚಿ ಮತ್ತೆ ಕರಕರ ಅಂತು. "ಈಗ?"

"ಈಗ ಕಾಣ್ತೀರಿ. ಹೊಟ್ಟೆ ಬಂದಿದೆ ನಿಮಗೆ."

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಮ್ಮನೆಯವರು ನಗಲು ಹೋದರು, ಆಗಲಿಲ್ಲ. "ಹಾಗಾದ್ರೆ ಸೆಂಟರಲ್ಲಿ ನಿನ್ನ ಟೇಬಲ್ಲಿಂದ ಬಾಗಿಲು ಯಾವ ಕಡೆ ಇದ್ರೆ ಬಂದವರು ಕಾಣ್ತಾರೆ, ಅದನ್ನ ಮೊದ್ಲು ಹೇಳು" ಅಂದರು.

ನನ್ನ ತಮ್ಮ ಎಡಗೈ ಎತ್ತಿ ತೋರಿಸಿದ.